ಬಚ್ಚಲ ಮರದ ಕಾಯಿ

ಮೊನ್ನೆ ಬೆಳಿಗ್ಗೆ ತಿಪಟೂರಿನ ನಮ್ಮ ಮನೆಯ ಜಗಲಿಯಲ್ಲಿ ಕೂತು ನಮ್ಮತ್ತೆ ಒಂದು ತೆಂಗಿನಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸುತ್ತಿದ್ದರು. ಒಳಗಿನ ಕೊಬ್ಬರಿ ಚಿಪ್ಪು ಬಿಟ್ಟು ಗಡಗಡ ಅಂದರೆ ಒಣಗಿದೆ ಎಂದು ಅರ್ಥ. ಅಷ್ಟರಲ್ಲಿ ಚುನಾವಣೆಯ ಆಟೋ ಒಂದು ಮೈಕಿನಲ್ಲಿ ಅರಚುತ್ತಾ ಬಂತು. "ತಡಿಯಪ್ಪಾ, ಈ ಕಾಯಿ ಏನಂತೈತೆ ಕೇಳುಸ್ಕತೀನಿ" ಎಂದು ಅತ್ತೆ ಆಟೋದವನಿಗೇ ಗದರಿದರು. ನನಗೆ ನಗು ಬಂತು, ಜೊತೆಗೆ ನಾನೇ ನಡೆಸಿಕೊಟ್ಟ ಒಂದು ಚುನಾವಣೆಯೂ ನೆನಪಾಯಿತು.

ಆಗಿನ್ನೂ ಎಂಬತ್ತರ ದಶಕದ ಶುರು. ನಾನು ಹೊಸ ಅಳಿಯ, ಹೈಸ್ಕೂಲಿನಲ್ಲಿ ಪೌರನೀತಿಯ ಮೇಷ್ಟ್ರು. ನೊಣವಿನಕೆರೆ ಕಡೆಯ ಹಳ್ಳಿಯ ಮಾವನ ಮನೆಗೆ ಶನಿವಾರ ಹೋದರೆ ಸೋಮವಾರ ಬೆಳಗಿನ ಬಸ್ಸಿಗೆ ಬರುವುದು. ಅಳಿಯನ ಉಪಚಾರ ಅಂದರೆ ಸಾಮಾನ್ಯವಲ್ಲ, ಮದುವೆಗೆ ಹೊಲಿಸಿದ ಪ್ಯಾಂಟುಗಳು ವರ್ಷದೊಳಗೆ ಕೈಕೊಟ್ಟವು. ಆ ವರ್ಷ ನಮ್ಮ ಕ್ಷೇತ್ರದ ಹಳೆಯ ಶಾಸಕರು ಇನ್ನು ನಿಲ್ಲುವುದಿಲ್ಲ ಎಂದುಬಿಟ್ಟರು. ಕುರ್ಚಿ ಖಾಲಿ ಎಂದ ಕೂಡಲೇ ಇಸ್ತ್ರಿ ಕಾಣದ ಜುಬ್ಬಗಳೆಲ್ಲ ಇಸ್ತ್ರಿಯಾದವು. ಅವುಗಳಲ್ಲಿ ನಮ್ಮ ಮಾವನದೂ ಒಂದು.

ಮಾವ ಒಂದು ಅವಧಿ ಪಂಚಾಯ್ತಿ ಛೇರ್ಮನ್ ಆಗಿದ್ದವರು, ಯಾರಿಗೂ ಇಲ್ಲ ಅನ್ನಲಾರದ ಮನುಷ್ಯ. ಶಾಸಕನಾಗಬೇಕೆಂಬುದು ಅವರ ಬಹುದಿನದ ಆಸೆ. ತೊಂದರೆ ಏನೆಂದರೆ, ಅದೇ ಊರಿನ, ಅದೇ ಪಕ್ಷದ ರುದ್ರೇಶಪ್ಪನಿಗೂ ಅದೇ ಆಸೆ. ಒಂದೇ ಊರಿನಿಂದ ಇಬ್ಬರು ಬೆಂಗಳೂರಿಗೆ ಹೋಗಿ ಟಿಕೆಟ್ ಕೇಳಿದರೆ ಇಬ್ಬರನ್ನೂ ಬಾಗಿಲಾಚೆ ಕೂರಿಸುತ್ತಾರೆ. ಊರಿನವರೇ ಒಂದು ಹೆಸರು ಆರಿಸಿ ಕಳಿಸೋಣ ಎಂದು ಹಿರಿಯರು ತೀರ್ಮಾನಿಸಿದರು.

ಕೈ ಎತ್ತಿಸಿದರೆ ಮನಸ್ತಾಪ, ಚೀಟಿ ಅಂದರೆ ಅರ್ಧ ಊರಿಗೆ ಓದು ಬಾರದು. ಪೌರನೀತಿಯ ಮೇಷ್ಟ್ರು ಸುಮ್ಮನಿರುತ್ತಾರೆಯೇ? ಉಪಾಯ ನನ್ನದೇ. ಪ್ರತಿ ಮನೆಯಿಂದ ಒಬ್ಬರು, ಕೊಬ್ಬರಿಗೆಂದು ಅಟ್ಟದ ಮೇಲೆ ಒಣಗಲು ಹಾಕಿದ ಒಂದು ಕಾಯಿ ಸುಲಿದು ತರುವುದು. ಶಾಲೆಯ ಕೋಣೆಯೊಳಗೆ ಒಬ್ಬೊಬ್ಬರೇ ಹೋಗಿ, ಅರಿಶಿನ ಬಳಿದ ಚೀಲಕ್ಕೆ ಹಾಕಿದರೆ ಮಾವನಿಗೆ, ಸುಣ್ಣ ಬಳಿದ ಚೀಲಕ್ಕೆ ಹಾಕಿದರೆ ರುದ್ರೇಶಪ್ಪನಿಗೆ. ಆಕಾಂಕ್ಷಿಗಳಿಬ್ಬರೂ ಒಳಗೆ ಹೋಗುವಂತಿಲ್ಲ, ಅವರವರ ಹೆಂಡಿರು ಹಾಕಬೇಕು. ಎಣಿಕೆಯಾದ ಮೇಲೆ ಕಾಯಿಗಳೆಲ್ಲ ಮಠದ ದಾಸೋಹಕ್ಕೆ. ಗುಪ್ತ ಮತದಾನ ಎಂದರೆ ಹೀಗಿರಬೇಕು ಎಂದು ನಾನು ಒಳಗೊಳಗೇ ಬೀಗಿದೆ.

ಹಿಂದಿನ ಸಂಜೆ ಅತ್ತೆ ಮಾವನಿಗೆ ಹೇಳಿದ್ದು ನನ್ನ ಕಿವಿಗೂ ಬಿತ್ತು. "ಬ್ಯಾಡ ಕಣ್ರೀ. ಛೇರ್ಮನ್ ಆಗಿದ್ದಾಗ ಬಾವಿ ಜಾಗದ ಜಗಳಕ್ಕೆ ಯಾರೋ ಬಾಗ್ಲಲ್ಲಿ ನಿಂತು ಬೈದ್ರು ಅಂತ ಅನ್ನ ನೀರು ಬುಟ್ಟು ಮಲಗಿದ್ರಿ. ಇನ್ನು ತಾಲ್ಲೂಕೇ ಬಯ್ಯಾಕೆ ನಿಂತ್ರೆ ಜೀವ ಉಳ್ಸ್ಕತೀರಾ?"

ಮಾವ ನಕ್ಕುಬಿಟ್ಟರು. "ನಿನ್ ಕೆಲಸ ಒಂದು ಕಾಯಿ ಹಾಕಾದು. ಹಾಕು, ಸಾಕು."

ಭಾನುವಾರ ಎಲ್ಲವೂ ಸುಸೂತ್ರವಾಗಿ ನಡೆಯಿತು. ಎರಡು ಚೀಲಗಳನ್ನೂ ಶಾಲೆಯ ಜಗಲಿಯ ಮೇಲೆ ಸುರಿಸಿ, ಎರಡು ಗುಡ್ಡೆ ಮಾಡಿಸಿ, ಎಲ್ಲರೆದುರು ಎಣಿಸಿದೆ. ಕೆಲವೇ ಕಾಯಿಗಳ ಅಂತರದಲ್ಲಿ ರುದ್ರೇಶಪ್ಪ ಗೆದ್ದ. ಅಷ್ಟಕ್ಕೆ ಮುಗಿದಿದ್ದರೆ ನನ್ನ ಮರ್ಯಾದೆ ಉಳಿಯುತ್ತಿತ್ತು. ಗುಡ್ಡೆಯ ಪಕ್ಕದಲ್ಲಿದ್ದ ಒಬ್ಬ ಅಭ್ಯಾಸಬಲದಿಂದ ಒಂದು ಕಾಯಿ ಎತ್ತಿಕೊಂಡು, "ಇದು ನಿಂಗಣ್ಣನ ಕೆರೆ ಹಿಂದಿನ ತೋಟದ್ದು ಕಣ್ಲಾ" ಎಂದ. ಇನ್ನೊಬ್ಬ, "ಈ ಜುಟ್ಟು ನೋಡು, ಹಿಂಗೆ ಸುಲಿಯಾದು ಬಸಣ್ಣನೇಯ" ಎಂದ. ಕಾಯಿ ನೋಡಿದರೆ ತೋಟ ಯಾರದೆಂದು ಹೇಳುವ ಜನ ನಾವು. ಹುಟ್ಟಿದಾರಭ್ಯ ತೆಂಗಿನ ನೆರಳಲ್ಲೇ ಬೆಳೆದ ನನಗಾಗಲಿ ಊರಿನ ಹಿರಿಯರಿಗಾಗಲಿ ಅದು ಹೊಳೆಯಲೇ ಇಲ್ಲ. ಮೊದಮೊದಲು ಎಲ್ಲರೂ ನಕ್ಕರು. ಆಮೇಲೆ ತಮ್ಮ ತಮ್ಮ ಕಾಯಿ ಎಲ್ಲಿದೆ ಎಂದು ನೆನಪಾಗಿ ಒಬ್ಬೊಬ್ಬರೇ ಸುಮ್ಮನಾದರು.

ರುದ್ರೇಶಪ್ಪನ ಗುಡ್ಡೆಯಲ್ಲಿ ಒಂದು ಉದ್ದನೆಯ ಕಾಯಿ ಇತ್ತು. ಮಾವನ ಮನೆಯ ಹಿಂದೆ, ಬಚ್ಚಲ ನೀರು ಕುಡಿದು ಬೆಳೆದ ಮರವೊಂದಿತ್ತು. ಊರಲ್ಲೆಲ್ಲ ಅಂಥ ಉದ್ದನೆಯ ಕಾಯಿ ಬಿಡುತ್ತಿದ್ದುದು ಅದೊಂದೇ. ಬಂದ ಯಾವ ನೆಂಟರನ್ನೂ ಮಾವ ಅದನ್ನು ತೋರಿಸದೆ ಕಳಿಸಿದವರಲ್ಲ. ಈಗ ಊರೆಲ್ಲ ಆ ಕಾಯಿಯನ್ನೂ ಮಾವನ ಮುಖವನ್ನೂ ನೋಡಿತು. ಹೆಂಗಸರ ಗುಂಪಿನಲ್ಲಿ ಅತ್ತೆ ನೆಟ್ಟಗೆ ನಿಂತಿದ್ದರು. ಮಾವ ಬಗ್ಗಿ ಅದನ್ನು ಎತ್ತಿಕೊಂಡರು. ಕಿವಿಯ ಹತ್ತಿರ ಒಮ್ಮೆ ಅಲ್ಲಾಡಿಸಿ, ರುದ್ರೇಶಪ್ಪನ ಗುಡ್ಡೆಯ ಮೇಲೆಯೇ ಇಟ್ಟರು. "ಎಣಿಕೆ ಸರಿ ಐತೆ ಮೇಷ್ಟ್ರೇ" ಎಂದು ಹೆಗಲ ಮೇಲಿನ ಟವಲು ಕೊಡವಿ ಮನೆ ಕಡೆ ನಡೆದರು. ನನಗೆ ಅಲ್ಲೇ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಟಿಕೆಟ್ ರುದ್ರೇಶಪ್ಪನಿಗೂ ಸಿಗಲಿಲ್ಲ. ನಾವು ಯಾರೂ ಮುಖ ನೋಡದ ಮೂರನೆಯವರೊಬ್ಬರಿಗೆ ಹೋಯಿತು. ಮಾವ ಅತ್ತೆಯನ್ನು ಏನೂ ಕೇಳಲಿಲ್ಲ. ಎಣಿಕೆಯ ದಿನ ಮಧ್ಯಾಹ್ನವೇ ಇಬ್ಬರೂ ಎದುರುಬದುರು ಕೂತು ಉಂಡರು, ನಾನೊಬ್ಬನೇ ಮುದ್ದೆ ನುಂಗಲಾರದೆ ಒದ್ದಾಡಿದೆ. ಆದರೆ ಅಲ್ಲಿಂದಾಚೆಗೆ ಸೊಸೈಟಿಗೆ ನಿಲ್ಲಿ, ಅಧ್ಯಕ್ಷರಾಗಿ ಎಂದು ಯಾರೇ ಬಂದರೂ ಮಾವ, "ತಡೀರಪ್ಪ, ಸಿದ್ದಗಂಗಮ್ಮನ್ನ ಒಂದ್ಮಾತು ಕೇಳ್ತೀನಿ" ಎಂದು ಒಳಗೆ ಅತ್ತೆಯ ಹತ್ತಿರ ಹೋಗುತ್ತಿದ್ದರು. ಊರವರು ಆಡಿಕೊಂಡು ನಗುತ್ತಿದ್ದರು. ಮಾವನೂ ಜೊತೆಗೆ ನಗುತ್ತಿದ್ದರು.

ಮಾವ ಹೋಗಿ ಬಹಳ ವರ್ಷವಾಯಿತು. ಮೊನ್ನೆ ಆಟೋದ ಸದ್ದು ಅಡಗಿದ ಮೇಲೆ ಅತ್ತೆಯನ್ನು ಛೇಡಿಸಿದೆ. "ಅಲ್ಲ ಅತ್ತೆ, ಆವತ್ತು ಬೇರೆ ಮರದ ಕಾಯಿ ಹಾಕಿದ್ರೆ ಸಿಕ್ಕಿಬೀಳ್ತಾನೇ ಇರ್ಲಿಲ್ಲ ನೀವು."

ಅತ್ತೆ ನನ್ನನ್ನು ದಡ್ಡ ಹುಡುಗನನ್ನು ನೋಡಿದಂತೆ ನೋಡಿದರು. "ಸಿಕ್ಕಿಬೀಳಾಕೆ ನಾನೇನು ಕದ್ದಿದ್ನಾ? ಅಟ್ಟದ ತುಂಬ ಕಾಯಿತ್ತು. ಹುಡುಕಿ ಹುಡುಕಿ ಅದನ್ನೇ ಇಳಿಸ್ಕಂಡೆ. ಬಾಯಲ್ಲಿ ಹೇಳಿದ್ರೆ ನಕ್ಕುಬುಟ್ರಲ್ಲ, ಕೈಯಲ್ಲಿ ಹಿಡ್ದಾದ್ರೂ ನೋಡ್ಲಿ ಅಂತ. ಗಂಡನಿಗೆ ಮುಚ್ಚಿಟ್ಟು ಓಟು ಹಾಕಾಕೆ ಅವ್ರೇನು ಹೊರಗಿನೋರಾ?"

ನಾನು ಎದ್ದು ಅಡುಗೆಮನೆಗೆ ಹೋದೆ. ನನ್ನ ಹೆಂಡತಿ ಸೊಪ್ಪು ಬಿಡಿಸುತ್ತಿದ್ದಳು. ಮದುವೆಯಾದ ಮೇಲೆ ಮೊದಲ ಬಾರಿಗೆ, ಈ ಸಲ ಯಾರಿಗೆ ಓಟು ಹಾಕುತ್ತೇನೆಂದು ಅವಳಿಗೆ ಹೇಳಿದೆ. ಅವಳು ತಲೆ ಎತ್ತದೆ, "ಗೊತ್ತು ಬುಡಿ" ಎಂದಳು.