ನೀಲಿ ಶಾಯಿಯ ಕಾರ್ಡು

ಟಿಪ್ಪಣಿ ಮಾಡಿಕೊಳ್ಳುವುದರಲ್ಲಿ ನನ್ನಷ್ಟು ಶಿಸ್ತು ಯಾರಿಗೂ ಇಲ್ಲ ಎಂಬ ಜಂಬ ನನಗಿತ್ತು. ಸುಳ್ಳೇಕೆ ಹೇಳಲಿ, ಈಗಲೂ ಪೂರ್ತಿ ಹೋಗಿಲ್ಲ. ಉಡುಪಿಯ ಕಾಲೇಜೊಂದರಲ್ಲಿ ಪಾಠ ಮಾಡುತ್ತ, ಬೀಡಿ ಕಟ್ಟುವ ಹೆಂಗಸರ ನೆನಪುಗಳ ಬಗ್ಗೆ ಸಂಶೋಧನಾ ಪ್ರಬಂಧ ಬರೆಯಲು ಹೊರಟಿದ್ದೆ. ಒಂದು ಕಾರ್ಡಿಗೆ ಒಂದೇ ವಿಷಯ. ಎಡಮೂಲೆಯಲ್ಲಿ ಹೇಳಿದವರ ಗುರುತು, ಬಲಮೂಲೆಯಲ್ಲಿ ದಿನಾಂಕ. ಅವರ ಮಾತು ನೀಲಿ ಶಾಯಿಯಲ್ಲಿ, ನನ್ನ ಯೋಚನೆ ಕಪ್ಪಿನಲ್ಲಿ. ಸಹೋದ್ಯೋಗಿಗಳು ಚೀಟಿ ಹುಡುಕುತ್ತ ಒದ್ದಾಡುವಾಗ ಒಳಗೊಳಗೇ ನಗುತ್ತಿದ್ದೆ.

ಹೆಚ್ಚಿನ ಕಾರ್ಡುಗಳು ತುಂಬಿದ್ದು ಕುಕ್ಕುಂದೂರಿನ ಒಬ್ಬ ಅಜ್ಜಿಯಿಂದ. ಭಾನುವಾರ ಬೆಳಿಗ್ಗೆ ಕಾರ್ಕಳದ ಬಸ್ಸು ಹತ್ತಿ ಹೋಗುತ್ತಿದ್ದೆ. ಮೊದಲ ದಿನ ಮೊಬೈಲಿನಲ್ಲಿ ರೆಕಾರ್ಡ್ ಮಾಡಲು ನೋಡಿದರೆ, "ಅದನ್ನು ಒಳಗಿಡು ಮಗಳೇ, ಅದು ಕಂಡರೆ ನನಗೆ ಮಾತೇ ಬರುವುದಿಲ್ಲ" ಎಂದರು. ಇಟ್ಟೆ. ಮಡಿಲಲ್ಲಿ ಮೊರ ಇಟ್ಟುಕೊಂಡು ಎಲೆ ಸುತ್ತುತ್ತ ಅವರು ತುಳುವಿನಲ್ಲಿ ಹೇಳುತ್ತಿದ್ದರು, ನಾನು ಕನ್ನಡದಲ್ಲಿ ಬರೆಯುತ್ತಿದ್ದೆ. ಇದರಲ್ಲೇನೋ ಎಡವಟ್ಟಿದೆ ಎಂದು ಹೊಳೆಯಲೇ ಇಲ್ಲ. ನಮ್ಮ ಕಡೆ ಎಲ್ಲರೂ ಹಾಗೆಯೇ ಅಲ್ಲವೇ? ಮಾತು ತುಳು, ಪೆನ್ನು ಹಿಡಿದರೆ ಕನ್ನಡ. ಕೇಳಿದ್ದು ಕೈಗೆ ಬರುವ ಹೊತ್ತಿಗೆ ಎಷ್ಟು ಬದಲಾಯಿತು ಎಂದು ಯಾರು ನೋಡುತ್ತಾರೆ?

ಮಳೆಗಾಲ ಮುಗಿಯುವ ಮೊದಲೇ ಅಜ್ಜಿ ತೀರಿಕೊಂಡರು. ಅವರ ಒಬ್ಬಳೇ ಮಗಳು ಮದುವೆಯಾಗಿ ಕಾಪುವಿನಲ್ಲಿದ್ದಳು. ಉತ್ತರಕ್ರಿಯೆಯ ದಿನ ಅವಳಿಗೆ ಸಮಾಧಾನವಾಗಲೆಂದು ಒಂದು ಕಾರ್ಡಿನ ಜೆರಾಕ್ಸ್ ಕೊಟ್ಟು ಬಂದೆ. ಅದರಲ್ಲಿ ಅಜ್ಜಿಯ ಮಾತು ಹೀಗಿತ್ತು: "ಮಗಳ ಶಾಲೆ ಬಿಡಿಸಿ ಬೀಡಿಗೆ ಕೂರಿಸಿದ್ದು ನಾನು ಮಾಡಿದ ದೊಡ್ಡ ತಪ್ಪು. ಅದು ಇವತ್ತಿಗೂ ನನ್ನನ್ನು ಸುಡುತ್ತದೆ."

ತಿಂಗಳ ಮೇಲೆ ಮಣಿಪಾಲದಲ್ಲಿ ನನ್ನ ಮಾರ್ಗದರ್ಶಕರು ಅದೇ ಕಾರ್ಡನ್ನು ಎತ್ತಿ ಹಿಡಿದರು. "ಒಳ್ಳೆಯದುಂಟು. ಇದನ್ನು ಅವರು ತುಳುವಿನಲ್ಲಿ ಹೇಗೆ ಹೇಳಿದರು?"

ಆ ತುಳು ಮಾತು ಒಂದಕ್ಷರವೂ ನೆನಪಿರಲಿಲ್ಲ. ಆ ಬೆಳಿಗ್ಗೆ ಚೆನ್ನಾಗಿ ನೆನಪಿದೆ. ಅಂಗಳದ ಬಿಸಿಲು, ಮಗಳ ಸುದ್ದಿ ನಾನೇ ಎತ್ತಿದ್ದು, ಅಜ್ಜಿಯ ಕೈ ನಿಂತದ್ದು. ಆಮೇಲೆ? ಎರಡು ಮಾತು ಆಡಿದರೋ, ಬರೀ ನಿಟ್ಟುಸಿರು ಬಿಟ್ಟರೋ, ಅವರು ಸುಮ್ಮನಿದ್ದದ್ದಕ್ಕೆ ನಾನೇ ವಾಕ್ಯ ಕಟ್ಟಿದೆನೋ? ಅಯ್ಯೋ ದೇವರೇ, ನನಗೆ ಗೊತ್ತಿರಲಿಲ್ಲ.

"ಗೊತ್ತಿಲ್ಲದಿದ್ದರೆ ತೆಗೆಯಿರಿ ಮಾರಾಯ್ರೇ, ಎಂತ ತಲೆಬಿಸಿ?" ಎಂದರು. ಪ್ರಬಂಧದಿಂದ ತೆಗೆದೆ. ತಲೆಯಿಂದ ತೆಗೆಯುವುದು ಹೇಗೆ? ಬಸ್ಸಿನಲ್ಲಿ ಕೂತರೆ, ಬಟ್ಟೆ ಒಗೆಯಲು ನಿಂತರೆ, ಆ ಸಾಲು ಕೇಳುತ್ತದೆ. ಅಜ್ಜಿಯ ಮುಖ ಕಾಣುತ್ತದೆ, ತುಟಿ ಅಲುಗುತ್ತದೆ, ಬರುವುದು ಮಾತ್ರ ನನ್ನ ದನಿ, ಕ್ಲಾಸಿನಲ್ಲಿ ನೋಟ್ಸ್ ಬರೆಸುವ ದನಿ. ನನಗೆ ನಿಜವಾಗಿಯೂ ಹೆದರಿಕೆಯಾಗತೊಡಗಿತು. ಇನ್ನುಳಿದ ಕಾರ್ಡುಗಳನ್ನು ತೆರೆಯಲೂ ಧೈರ್ಯ ಬರಲಿಲ್ಲ.

ಅಜ್ಜಿಯ ಮಗಳಿಗೆ ಇದ್ದದ್ದು ಇದ್ದ ಹಾಗೆ ಹೇಳಿಬಿಡೋಣ ಎಂದು ಒಂದು ಶನಿವಾರ ಕಾಪುವಿಗೆ ಹೋದೆ. ಬಸ್ಸಿನುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ: 'ನೋಡು, ಅದು ಅಮ್ಮ ಹೇಳಿದ್ದೋ ನಾನು ಬರೆದದ್ದೋ ಖಾತ್ರಿಯಿಲ್ಲ, ಕ್ಷಮಿಸು.' ಅಷ್ಟೇ ಇದ್ದದ್ದು.

ಚಾವಡಿಯ ಗೋಡೆಯಲ್ಲಿ ಅಜ್ಜಿಯ ಫೋಟೋ ಇತ್ತು. ಅದರ ಕೆಳಗೆ, ಗಾಜು ಹಾಕಿಸಿ, ನನ್ನ ಕೈಬರಹ.

"ಕೂತುಕೊಳ್ಳಿ ಅಕ್ಕ," ಎಂದು ಮಗಳು ಚಹಾ ತಂದಿಟ್ಟಳು. "ಏಳನೆಯಲ್ಲಿ ಶಾಲೆ ಬಿಡಿಸಿದ್ದು. ಆ ಸಿಟ್ಟಿಗೆ ಅಮ್ಮನ ಹತ್ತಿರ ನಾನು ಸರಿಯಾಗಿ ಮಾತಾಡಿದ್ದೇ ಇಲ್ಲ. ಆಸ್ಪತ್ರೆಯಲ್ಲಿರುವಾಗಲೂ ಇಲ್ಲ. ಈಗ ದಿನಾ ಇದನ್ನು ಓದುತ್ತೇನೆ. ನನ್ನ ಹತ್ತಿರ ಹೇಳದಿದ್ದರೂ ನಿಮ್ಮ ಹತ್ತಿರವಾದರೂ ಹೇಳಿದರಲ್ಲ."

ಲೋಟ ಕೆಳಗಿಟ್ಟೆ. ಈಗ ಹೇಳಬೇಕು, ಈಗಲೇ, ಎಂದುಕೊಂಡೆ.

ಅವಳು ಹತ್ತಿರ ಬಂದು ಕೂತಳು. "ಒಂದು ಕೇಳಲಾ ಅಕ್ಕ? ಇದನ್ನು ಹೇಳುವಾಗ ಅಮ್ಮ ಅತ್ತರಾ?"

"ಹೌದು," ಎಂದುಬಿಟ್ಟೆ. "ತುಂಬಾ ಅತ್ತರು."