ಇಳಿಜಾರು ಕಣದಲ್ಲಿ ಬಾಸ್ಕೆಟ್‌ಬಾಲ್

"ನಿಮ್ಮ ಸ್ಟೇಡಿಯಂ ಒಂದು ಕಡೆಗೆ ವಾಲಿದೆ" ಎಂದು ಮೂಡಿಗೆರೆ ಟೀಮಿನ ಕ್ಯಾಪ್ಟನ್ ಹೇಳಿದ್ದೇ ತಡ, ನಮ್ಮ ಸಾಹುಕಾರ್ ರುದ್ರಪ್ಪನವರ ಮುಖ ಕೆಂಪಾಯಿತು.

"ನಮ್ಮಪ್ಪ ಕಟ್ಟಿಸಿದ ಕಣ ವಾಲಿದೆ ಅಂತೀರಾ? ಆಯ್ತು, ಇವತ್ತೊಂದು ದಿನ ಆಡ್ಕಳಿ. ನಾಳೆ ಬೆಳಗ್ಗೆ ಕಂಬ ಕೀಳಿಸ್ತೀನಿ."

ಇದು ನಡೆದದ್ದು ಕಳೆದ ಭಾನುವಾರ. ಊರಿಗೆ ಇರುವುದು ಇದೊಂದೇ ಬಾಸ್ಕೆಟ್‌ಬಾಲ್ ಸ್ಟೇಡಿಯಂ.

(ಸ್ಟೇಡಿಯಂ ಎಂದರೆ ನಗಬೇಡಿ.) ಚಿಕ್ಕಮಗಳೂರು ಪೇಟೆಯ ನಟ್ಟನಡುವೆ ಸಾಹುಕಾರರ ಕಾಫಿ ಒಣಗಿಸುವ ಗಾರೆ ಕಣವಿದೆಯಲ್ಲ, ಅದೇ. ಕಾಫಿ ಕೆಲಸ ಮುಗಿದ ಮೇಲೆ ಖಾಲಿ ಬಿದ್ದಿರುತ್ತದೆ. ಮದರಾಸಿನಲ್ಲಿ ಓದುವಾಗ ಹತ್ತಿದ ಈ ಆಟದ ಹುಚ್ಚನ್ನು ಊರಿಗೂ ಹತ್ತಿಸಿ, ಸಾಹುಕಾರರ ಕೈಕಾಲು ಹಿಡಿದು ಎರಡು ಕಂಬ ನೆಡಿಸಿದವನು ನಾನು. ರಿಂಗ್ ಎಲ್ಲಿಂದ ಬಂತು? ಯುದ್ಧ ಶುರುವಾಗಿ ಪೆಟ್ರೋಲ್ ಸಿಗದೆ ಮೂಲೆ ಸೇರಿದ ಬಸ್ಸುಗಳ ಸ್ಟಿಯರಿಂಗ್ ಚಕ್ರಗಳವು. ನಡುವಿನ ಕಡ್ಡಿಗಳನ್ನು ಕತ್ತರಿಸಿ ಕೊಟ್ಟವರು ಮೆಕ್ಯಾನಿಕ್ ಕರೀಂ ಸಾಹೇಬರು. ಬಲೆಗೆ ಗೋಣಿಚೀಲ. ಗ್ಯಾಲರಿಗೆ ಗೋಡೌನಿನ ಮೆಟ್ಟಿಲು. ಇಂಥದ್ದು ಮದರಾಸಿನಲ್ಲೂ ಇಲ್ಲ ಎಂದು ಹೇಳಿಕೊಂಡು ತಿರುಗುತ್ತೇನೆ. ಸುಳ್ಳೇನಲ್ಲವಲ್ಲ?

ಕಣ ವಾಲಿದೆ ಎಂಬುದೂ ಸುಳ್ಳಲ್ಲ. ನೀರು ನಿಲ್ಲಬಾರದೆಂದು ಕಾಫಿ ಕಣವನ್ನು ಇಳಿಜಾರಾಗಿಯೇ ಕಟ್ಟುತ್ತಾರೆ. ಕೈತಪ್ಪಿದ ಚೆಂಡು ತಾನಾಗಿ ಕೆಳಗಿನ ಕಂಬದತ್ತ ಉರುಳುತ್ತದೆ. ಅರ್ಧ ಆಟ ಅವರಿಗೆ ಇಳಿಜಾರು, ಅರ್ಧ ನಮಗೆ. ಇದರಲ್ಲಿ ಅನ್ಯಾಯವೇನು ಬಂತು?

ಪೆಟ್ರೋಲಿನ ಬದಲು ಇದ್ದಿಲು ಉರಿಸಿ ಓಡಿಸುವ ಬಸ್ಸಿನಲ್ಲಿ ಕೆಮ್ಮುತ್ತ ಬಂದಿದ್ದ ಮೂಡಿಗೆರೆಯವರು ಗೊಣಗಿಕೊಂಡೇ ಆಡಿದರು. ನಾನು ಚೆಂಡು ಬಿಟ್ಟು ಕಂಬಗಳನ್ನೇ ನೋಡುತ್ತಿದ್ದೆ. ನಾಳೆಯಿಂದ ಸಂಜೆ ಹೊತ್ತು ಏನು ಮಾಡಲಿ?

ಅರ್ಧ ಆಟ ಮುಗಿಯುವಷ್ಟರಲ್ಲಿ ಗುಡುಗಿತು. ದಪ್ಪ ಹನಿ ಬಿತ್ತು. ಹೂಮಳೆ! ಇದು ಬಂದರೇ ಕಾಫಿ ಗಿಡ ಹೂ ಬಿಡುವುದು. ಇಡೀ ಜಿಲ್ಲೆ ಆಕಾಶ ನೋಡುತ್ತ ಕೂತಿತ್ತು. ಇನ್ನು ಆಟ ಯಾರಿಗೆ ಬೇಕು? ಎರಡೂ ಟೀಮಿನವರು ತೋಟದವರೇ. ರೆಫರಿ (ಎಸ್ಟೇಟೊಂದರಲ್ಲಿ ಲೆಕ್ಕ ಬರೆಯುವ ರೈಟರ್) ಸೀಟಿ ಊದುತ್ತ ಕುಣಿದರು. ಕರೀಂ ಸಾಹೇಬರು ಮೂಡಿಗೆರೆಯವರನ್ನೆಲ್ಲ ಅಪ್ಪಿಕೊಂಡರು. ಸಾಹುಕಾರರು ಕೊಡೆ ಮಡಚಿ, ಕಣದ ನಡುವೆ ನಿಂತು ಮನಸಾರೆ ತೊಯ್ದರು.

ಮಳೆ ನಿಂತಿತು. ನೋಡನೋಡುತ್ತಿದ್ದಂತೆ ನೀರೆಲ್ಲ ಹರಿದುಹೋಯಿತು. ಮೂಡಿಗೆರೆ ಕ್ಯಾಪ್ಟನ್ ಬಗ್ಗಿ ಗಾರೆ ಮುಟ್ಟಿ ನೋಡಿದ.

"ಒಂದು ಕಡೆನೂ ನೀರು ನಿಂತಿಲ್ವಲ್ಲ ಸಾಹುಕಾರ್ರೇ. ನಮ್ಮ ತೋಟದ ಕಣ ಇಷ್ಟೊತ್ತಿಗೆ ಕೆರೆ ಆಗಿರುತ್ತೆ. ನಿಮ್ಮ ತಂದೆಯವ್ರು ಯಾವ ಮೇಸ್ತ್ರಿ ಕೈಲಿ ಕಟ್ಟಿಸಿದ್ರು?"

ಸಾಹುಕಾರರು ಕರಗಿಹೋದರು. ಮೇಸ್ತ್ರಿಯ ಹೆಸರಿನಿಂದ ಹಿಡಿದು ಗಾರೆ ಗಟ್ಟಿಯಾಗಲೆಂದು ಸುಣ್ಣಕ್ಕೆ ಬೆರೆಸಿದ ಬೆಲ್ಲದವರೆಗೆ ಎಲ್ಲ ಹೇಳಿದರು. ಇದೇ ಸಮಯವೆಂದು ನಾನು ಮೆಲ್ಲಗೆ ಬಾಯಿಬಿಟ್ಟೆ: "ಮತ್ತೆ ಕಂಬ..."

"ಇರ್ಲಿ ಬಿಡು ಮಾರಾಯ. ಕಂಬ ಏನು ಊಟ ಕೇಳುತ್ತಾ?"

ಆಟ ಮುಂದುವರಿಯಿತು. ನಾವು ಹೀನಾಯವಾಗಿ ಸೋತೆವು. ಸೋತ ಮೇಲೆ ಎದುರಾಳಿ ಕ್ಯಾಪ್ಟನ್ನನ್ನು ಹೆಗಲ ಮೇಲೆ ಹೊತ್ತು ಬಸ್ ಸ್ಟ್ಯಾಂಡಿನವರೆಗೆ ಕುಣಿದ ಟೀಮನ್ನು ನೀವು ಬೇರೆಲ್ಲಾದರೂ ಕಂಡಿದ್ದೀರಾ?