ಪಂಚೆಯ ಮೇಲೆ ಕಂಡ ಊರು

ಹೋದ ವಾರ ನಮ್ಮ ಶಾಲೆಗೆ ಸ್ಮಾರ್ಟ್ ಬೋರ್ಡ್ ಬಂತು. ಅದರ ಸಾಮಾನು ಇಡಲು ಜಾಗ ಮಾಡೋಣವೆಂದು ಸ್ಟಾಫ್ ರೂಮಿನ ಮೂಲೆಯ ಬೀರು ತೆಗೆದೆ. ಮುಗ್ಗಲು ವಾಸನೆಯೂ ನುಸಿಗುಳಿಗೆಯ ವಾಸನೆಯೂ ಸೇರಿ ಮುಖಕ್ಕೆ ಬಡಿಯಿತು. ಹಳೆಯ ಪ್ರಶ್ನೆಪತ್ರಿಕೆಗಳ ಕಟ್ಟು, ಕಾಲು ಮುರಿದ ಗ್ಲೋಬು, ಅದರಡಿಯಲ್ಲಿ ಮಡಿಸಿಟ್ಟ ಒಂದು ಬಿಳಿ ಪಂಚೆ. ನಾಲ್ಕು ಮೂಲೆಗೂ ಸೆಣಬಿನ ದಾರ ಕಟ್ಟಿತ್ತು. ಹೊಸಬರು ಯಾರಾದರೂ ನೋಡಿದ್ದರೆ ಇದೆಂಥ ಪಂಚೆ ಎನ್ನುತ್ತಿದ್ದರು. ಅದು ಪರದೆ... ನಮ್ಮ ಶಾಲೆಯ ಸಮಾಜ ವಿಜ್ಞಾನದ ಮೇಷ್ಟ್ರ ಪರದೆ.

ನಾನು ಹಿಂದಿ ಪಾಠ ಮಾಡುವವಳು. ಹರಿಹರಪುರದಲ್ಲಿ ಬಸ್ಸು ಹತ್ತಿ, ಕೊಪ್ಪದಲ್ಲಿ ಇನ್ನೊಂದು ಬಸ್ಸು ಹಿಡಿದು, ನರಸಿಂಹರಾಜಪುರದ ದಾರಿಯ ನಡುವೆ ಇಳಿದು, ಏರು ಹತ್ತಿ ಈ ಪ್ರೌಢಶಾಲೆ ಸೇರುವಷ್ಟರಲ್ಲಿ ಅರ್ಧ ಜೀವ ಹೋಗಿರುತ್ತದೆ. ಉಳಿದರ್ಧವನ್ನು ಇಲಾಖೆಯ ಪೋರ್ಟಲ್ ತೆಗೆದುಕೊಳ್ಳುತ್ತದೆ. ಮಕ್ಕಳ ಹಾಜರಿ ತುಂಬು, ಊಟದ ಲೆಕ್ಕ ತುಂಬು, ಒಟಿಪಿ ಬರಲಿಲ್ಲವೆಂದು ಮತ್ತೆ ತುಂಬು. ಮೇಷ್ಟ್ರು ವರ್ಗವಾಗಿ ಬಂದ ಕಾಲಕ್ಕೂ ನಾವೆಲ್ಲ ಹೀಗೇ ಸುಸ್ತಾಗಿದ್ದೆವು. ಅವರೊಬ್ಬರಿಗೆ ಮಾತ್ರ ಈ ಮಿಷನ್ನುಗಳ ಮೇಲೆ ಅದೆಲ್ಲಿಂದ ಅಷ್ಟು ಪ್ರೀತಿ ಬಂದಿತ್ತೋ ಕಾಣೆ.

ಅವರು ಕಡೂರಿನ ಕಡೆಯ ಬಯಲುಸೀಮೆಯವರು. ಬಂದ ಹೊಸತರಲ್ಲಿ ಎಂಟನೇ ತರಗತಿಯವರಿಗೆ ನಿಮ್ಮೂರಿನ ನಕ್ಷೆ ಬರೆದು ತನ್ನಿ ಎಂದಿದ್ದರು. ಮಕ್ಕಳು ಒಂದು ಮನೆ, ಒಂದು ನಾಯಿ, ಒಂದು ಕಾಲುದಾರಿ ಬರೆದು ತಂದರು. ಉಳಿದ ಹಾಳೆಯ ತುಂಬ ಮರ. ಅವರದೇನು ತಪ್ಪು? ಇಲ್ಲಿ ಒಂದೊಂದು ಮನೆ ಒಂದೊಂದು ದಿಣ್ಣೆಯ ಮರೆಯಲ್ಲಿ. ಪಕ್ಕದ ಮನೆ ಇದೆ ಎಂದು ಗೊತ್ತಾಗುವುದು ಅವರ ನಾಯಿ ಬೊಗಳಿದಾಗ.

ಮೇಷ್ಟ್ರು ಆ ಹಾಳೆಗಳನ್ನು ಹರಡಿಕೊಂಡು ಕೂತಿದ್ದರು. "ಅಲ್ರೀ ಮೇಡಂ, ನಮ್ ಕಡೆ ಮಾಳಿಗೆ ಹತ್ತಿ ನಿಂತ್ರೆ ಮೂರೂರು ಕಾಣ್ತವೆ. ನಿಮ್ ಕಡೆ ಊರೊಳಗೆ ನಿಂತ್ರೂ ಊರು ಕಾಣಲ್ವಲ್ರೀ!"

ಈ ಮಕ್ಕಳಿಗೆ ಅವರ ಊರನ್ನು ಒಮ್ಮೆ ಇಡಿಯಾಗಿ ತೋರಿಸಬೇಕು ಎಂಬುದು ಅಂದಿನಿಂದ ಅವರ ತಲೆಗೆ ಹತ್ತಿತು. ಎಲ್ಲಿಂದಲೋ ಒಂದು ಹಳೆಯ ಪ್ರೊಜೆಕ್ಟರ್ ತಂದರು. ಪರದೆಗೆ ತಮ್ಮದೇ ಪಂಚೆ. ನೆಟ್‌ವರ್ಕ್ ಸಿಗುತ್ತಿದ್ದದ್ದು ಧ್ವಜಸ್ತಂಭದ ಬುಡದಲ್ಲಿ ಮಾತ್ರ. ಫೋನನ್ನು ಆ ಕಟ್ಟೆಯ ಮೇಲಿಟ್ಟು, ಹಾಟ್‌ಸ್ಪಾಟ್ ತರಗತಿಗೆ ಮುಟ್ಟುತ್ತದೆಯೇ ಎಂದು ಲ್ಯಾಪ್‌ಟಾಪ್ ಹಿಡಿದು ಕಿಟಕಿಯಿಂದ ಕಿಟಕಿಗೆ ಓಡಾಡುತ್ತಿದ್ದರು. ಹನಿ ಬಿದ್ದರೆ ಫೋನಿಗೆ ಕೊಡೆ, ಅವರಿಗೆ ಇಲ್ಲ. ನಾವು ನಗುತ್ತಿದ್ದೆವು. ಅವರೂ ನಗುತ್ತಿದ್ದರು.

ಉಪಗ್ರಹ ತೆಗೆದ ಚಿತ್ರ ಮೊದಲ ಸಲ ಪಂಚೆಯ ಮೇಲೆ ಬಿದ್ದ ದಿನ ನನಗೆ ಚೆನ್ನಾಗಿ ನೆನಪಿದೆ. ಕತ್ತಲು ಮಾಡಿದ ಕೋಣೆ, ಕಾದ ಪ್ರೊಜೆಕ್ಟರಿನಿಂದ ಸುಟ್ಟ ಧೂಳಿನ ವಾಸನೆ. ಮೊದಲು ಬರೀ ಹಸಿರು. ಮೇಷ್ಟ್ರು ಹತ್ತಿರ ಹತ್ತಿರ ತಂದಂತೆ ಹಸಿರಿನೊಳಗಿಂದ ಹಂಚಿನ ಮಾಡು, ಕೆರೆ, ಬಸ್‌ಸ್ಟಾಪಿನ ತಗಡು ಒಂದೊಂದಾಗಿ ಹೊರಬಂದವು. "ನಮ್ಮನೆ! ಸರ್, ನಮ್ಮನೆ!" ಎಂಬ ಕೂಗು ಎದ್ದಿತು. ಪಕ್ಕದ ಕೋಣೆಯ ನನ್ನ ಹಿಂದಿ ತರಗತಿಯೂ ಆ ಬಾಗಿಲಿಗೆ ಹೋಗಿ ನಿಂತಿತು. ನಾನೂ ನಿಂತೆ.

ಆಮೇಲೆ ಅದೇ ಕೆಲಸ. ಮಕ್ಕಳು ಸರದಿಯಲ್ಲಿ ಬಂದು ಆನ್‌ಲೈನ್ ನಕ್ಷೆಯಲ್ಲಿ ತಮ್ಮ ಮನೆಗೆ ಗುರುತು ಹಾಕಿ, ಮನೆಯವರ ಹೆಸರು ಬರೆದು, ಸುತ್ತ ಏನಿದೆ, ಮೊದಲು ಏನಿತ್ತು ಎಂದು ಎರಡು ಸಾಲು ಬರೆಯಬೇಕು. ಭೂಬಳಕೆಯ ಪಾಠ ಇದಕ್ಕಿಂತ ಚೆನ್ನಾಗಿ ಹೇಗೆ ಮಾಡುವುದು ಹೇಳಿ. ಮನೆಯಲ್ಲಿ ಅಜ್ಜ ಅಜ್ಜಿಯರನ್ನು ಕೇಳಿಕೊಂಡು ಬಂದು ಬರೆದರು. ತರಗತಿಯಲ್ಲಿ ಬಾಯಿಯೇ ಬಿಡದ ಒಬ್ಬ ಹುಡುಗಿ ತನ್ನ ಮನೆಯ ಗುರುತಿಗೆ ಹೀಗೆ ಬರೆದಳು: "ಮನೆ ಹಿಂದೆ ನಮ್ಮ ಹೊಸ ತೋಟ. ಮೊದಲು ಅಲ್ಲಿ ಕಾಡು ಇತ್ತು. ಅಪ್ಪ ಕಡಿದು ಅಡಿಕೆ ಹಾಕಿದರು."

ಮೇಷ್ಟ್ರು ಅದರ ಕೆಳಗೆ "ಶಹಬ್ಬಾಸ್" ಎಂದು ಬರೆದು, ಹೆಮ್ಮೆಯಿಂದ ಇಡೀ ನಕ್ಷೆಯನ್ನು ಪೋಷಕರ ಗ್ರೂಪಿಗೆ ಕಳಿಸಿದರು.

ಇಲ್ಲಿಯವಳಾದ ನನಗೆ ಅದನ್ನು ಓದಿದ ಕೂಡಲೇ ಎಡವಟ್ಟಾಯಿತೆಂದು ಗೊತ್ತಾಯಿತು. ನಮ್ಮ ಕಡೆ ಮನೆಯ ಹಿಂದೆ ಅಷ್ಟಿಷ್ಟು ಕಾಡು ಬಿಡಿಸಿ ತೋಟ ಮಾಡಿಕೊಂಡವರು ಬಹಳ. ಸರ್ಕಾರದ ಕಾಗದದಲ್ಲಿ ಅದಕ್ಕೆ ಒತ್ತುವರಿ ಎಂದು ಹೆಸರು. ಸಕ್ರಮ ಮಾಡಿಕೊಡಿ ಎಂದು ಅರ್ಜಿ ಹಾಕಿ ಕಾಯುತ್ತಿರುತ್ತಾರೆ, ಯಾವ ದಿನ ಬಂದು ಗಿಡ ಕಡಿಸುತ್ತಾರೋ ಎಂದು ಒಳಗೊಳಗೇ ಬೇಯುತ್ತಿರುತ್ತಾರೆ. ಈ ಮಾತನ್ನು ಅಂಗಳದಲ್ಲಿ ನಿಂತು ಯಾರೂ ಗಟ್ಟಿಯಾಗಿ ಆಡುವುದಿಲ್ಲ. ಬಯಲಿನಿಂದ ಬಂದ ಮೇಷ್ಟ್ರಿಗೆ ಇದನ್ನು ಯಾರು ಹೇಳಿದ್ದರು? ನಾನು ನೋಡುವಷ್ಟರಲ್ಲಿ ಅದು ಎಲ್ಲರ ಫೋನಿಗೂ ಮುಟ್ಟಿಯಾಗಿತ್ತು.

ಮರುದಿನ ಆ ಹುಡುಗಿ ಶಾಲೆಗೆ ಬರಲಿಲ್ಲ. ಅದರ ಮರುದಿನ ಎಂಟನೇ ತರಗತಿಗೆ ಪೋಷಕರು ಬಂದರು. ಗಲಾಟೆ ಇಲ್ಲ, ಏನಿಲ್ಲ. ಚಪ್ಪಲಿ ಹೊರಗೆ ಬಿಟ್ಟು ಬಂದು ಮಕ್ಕಳ ಬೆಂಚಿನಲ್ಲಿ ಮೈ ಕುಗ್ಗಿಸಿಕೊಂಡು ಕೂತರು. ಹುಡುಗಿಯ ಅಪ್ಪ ಎದ್ದು ನಿಂತ.

"ನೀವು ಪಾಠ ಮಾಡಿ ಮೇಷ್ಟ್ರೆ, ಬ್ಯಾಡ ಅನ್ನಲ್ಲ. ನಮ್ಮನೆ ಅಳ್ಸಿ."

ಮೇಷ್ಟ್ರು ತಮಗೆ ತಿಳಿದದ್ದನ್ನು ಹೇಳಿದರು. ಉಪಗ್ರಹ ಮೊದಲೇ ಎಲ್ಲವನ್ನೂ ನೋಡಿಯಾಗಿದೆ, ನಾವು ಗುರುತು ಹಾಕಿದ್ದರಿಂದ ಹೊಸದಾಗಿ ಏನೂ ಕಾಣುವುದಿಲ್ಲ ಎಂದರು.

"ಮೇಲಿಂದ ಕಂಡ್ರೆ ಕಾಣ್ಲಿ ಮಾರಾಯ್ರೆ. ಕಂಡದ್ದಕ್ಕೆ ನಾವೇ ಹೆಸ್ರು ಬರ್ದು ಕೊಡೋದು ಎಂತಕ್ಕೆ? ಆ ತೋಟ ಹೋದ್ರೆ ನಾವು ಎಂತ ತಿನ್ನೋದು ಹೇಳಿ?"

ಮೇಷ್ಟ್ರು ಕಿಟಕಿ ಮುಚ್ಚಿದರು, ಪಂಚೆ ಕಟ್ಟಿದರು. ಎಲ್ಲರ ಕಣ್ಣೆದುರೇ ಅಳಿಸಬೇಕೆಂದು ಅವರಿಗೆ ಅನ್ನಿಸಿರಬೇಕು.

ಮೊದಲಿಗೆ ಆ ಹುಡುಗಿಯ ಮನೆ. ಮೇಷ್ಟ್ರ ಬೆರಳು ಗುಂಡಿಯ ಮೇಲಿತ್ತು. ಆಗ ಹಿಂದಿನ ಬೆಂಚಿನಿಂದ ಅವಳ ಅಜ್ಜಿ, "ತಡೀರಿ, ಒಂದ್ ಸರ್ತಿ ನೋಡ್ತೀನಿ" ಎಂದು ಎದ್ದು ಬಂದರು. ಪಂಚೆಯ ಹತ್ತಿರ ಹೋಗಿ ನಿಂತರು. ಮನೆಯ ಮಾಡು ಅವರ ಸೆರಗಿನ ಮೇಲೂ ಬಿದ್ದಿತ್ತು.

"ಅಂಗಳದಲ್ಲಿ ಹಳದಿ ಕಾಣ್ತದಲ್ಲ, ಅದು ನಮ್ಮ ಹುಲ್ಲಿನ ಗೊಣಬೆ. ನಮ್ಮನೆಯವ್ರು ಹೋದ್ಮೇಲೆ ನಾವು ಗದ್ದೆನೇ ಮಾಡ್ಲಿಲ್ಲ. ಈ ಚಿತ್ರ ಅವ್ರು ಇದ್ದಾಗಿಂದು..."

ಮೇಷ್ಟ್ರು ಮೆಲ್ಲಗೆ, "ಅಮ್ಮ, ಹೆಸರು ಮಾತ್ರ ಹೋಗ್ತದೆ. ಚಿತ್ರ ಹೋಗಲ್ಲ" ಎಂದರು.

"ಚಿತ್ರ ಇರ್ತದಾ? ಹಂಗಾರೆ ಅಡ್ಡಿಲ್ಲ, ಅಳ್ಸಿ."

ಆಮೇಲೆ ಒಬ್ಬೊಬ್ಬರದೇ ಸರದಿ. ಅಳಿಸುವ ಮೊದಲು ಎಲ್ಲರೂ ಒಂದು ಗಳಿಗೆ ತಮ್ಮ ಮನೆಯನ್ನು ನೋಡಿದರು. ನಮ್ಮ ಬಾವಿ ಎಷ್ಟು ಸಣ್ಣ ಕಾಣ್ತದೆ ಎಂದರು, ನಿಮ್ಮನೆಗೆ ಇಷ್ಟು ಹತ್ರದ ದಾರಿ ಇತ್ತಾ ಎಂದು ಒಬ್ಬರನ್ನೊಬ್ಬರು ಕೇಳಿದರು. ಮೇಷ್ಟ್ರು ಮಾಡಬೇಕೆಂದಿದ್ದ ಪಾಠ ಆ ದಿನ ದೊಡ್ಡವರಿಗೆ ಆಯಿತು. ಕೊನೆಗೆ ಉಳಿದದ್ದು ಶಾಲೆಯ ಗುರುತು.

"ಇದು?" ಎಂದು ಕೇಳಿದರು ಮೇಷ್ಟ್ರು.

"ಶಾಲೆ ಇರ್ಲಿ" ಎಂದ ಹುಡುಗಿಯ ಅಪ್ಪ. ಹೋಗುವಾಗ ಮೇಷ್ಟ್ರಿಗೆ ಕೈ ಮುಗಿದ.

ಮರುದಿನ ಹುಡುಗಿ ಬಂದಳು. ಪಾಠ ಎಂದಿನಂತೆ ನಡೆಯಿತು. ಆದರೆ ಅವಳ ನೋಟ್‌ಬುಕ್ ತಿದ್ದುತ್ತಾ ಮೇಷ್ಟ್ರು ಒಂದು ಸಂಜೆ ಹಾಗೇ ಪೆನ್ನು ಕೆಳಗಿಟ್ಟರು. "ನೋಡ್ರೀ ಮೇಡಂ, ಕೇಳಿದ್ದಕ್ಕಿಂತ ಒಂದು ಪದ ಜಾಸ್ತಿ ಬರೆಯಲ್ಲ ಈಗ. ಎಲ್ಲಾ ಸರಿಯಾಗೇ ಬರೀತಾಳೆ. ಇದನ್ನ ನಾನೇ ಕಲಿಸ್ದಂಗಾಯ್ತು." ನಾನು ಚೀಲ ಹೆಗಲಿಗೇರಿಸಿದೆ. ಬಸ್ಸಿನ ಹೊತ್ತಾಗಿತ್ತು.

ಪಂಚೆ ಬೀರು ಸೇರಿತು. ಧ್ವಜಸ್ತಂಭದ ಬುಡದಲ್ಲಿ ಕೊಡೆ ಮತ್ತೆ ಕಾಣಲಿಲ್ಲ. ಕೆಲವು ವರ್ಷದ ಮೇಲೆ ಅವರಿಗೆ ಅವರ ಕಡೆಗೇ ವರ್ಗವಾಯಿತು. ಹೋದ ಬೇಸಿಗೆಯಲ್ಲಿ ಶಿಕ್ಷಕರ ಗ್ರೂಪಿನಲ್ಲಿ ‘ಓಂ ಶಾಂತಿ’ ಎಂದು ಬರೆದ ಅವರ ಫೋಟೋ ಬಂತು, ಕೆಳಗೆ ಸಾಲಾಗಿ ಕೈಮುಗಿದ ಚಿತ್ರಗಳು. ನಾನು ಪೋರ್ಟಲ್ ತುಂಬುತ್ತಿದ್ದೆ. ನಾನೂ ಒಂದು ಕೈಮುಗಿದ ಚಿತ್ರ ಹಾಕಿ, ಮತ್ತೆ ತುಂಬತೊಡಗಿದೆ...

ಇಲ್ಲಿ ಅವರಿದ್ದ ಹುದ್ದೆ ಈಗ ಖಾಲಿ. ಸಮಾಜವನ್ನೂ ನೀವೇ ನೋಡಿಕೊಳ್ಳಿ ಎಂದು ನನಗೇ ಗಂಟು ಹಾಕಿದ್ದಾರೆ. ಸ್ಮಾರ್ಟ್ ಬೋರ್ಡ್ ಒತ್ತಿದರೆ ಯಾರೋ ಪಾಠ ಮಾಡುತ್ತಾರೆ. ನಾನು ಪಕ್ಕದಲ್ಲಿ ನಿಂತಿರುತ್ತೇನೆ. ಈಗ ನೆಟ್‌ವರ್ಕ್ ತರಗತಿಯೊಳಗೇ ಸಿಗುತ್ತದೆ. ಅದೇ ಊರಿನ ನಕ್ಷೆಯಲ್ಲಿ ಜನ ತಾವಾಗಿಯೇ ಹೋಂಸ್ಟೇಗಳಿಗೆ ಗುರುತು ಹಾಕಿಕೊಂಡಿದ್ದಾರೆ, ಫೋಟೋ ಸಮೇತ. ಅಳಿಸಿ ಎಂದು ಯಾರೂ ಬರುವುದಿಲ್ಲ. ಪಂಚೆಯನ್ನು ನಾನು ಒಗೆದು ಒಣಗಿಸಿ ಬೋರ್ಡಿಗೆ ಹೊದಿಸಿದ್ದೇನೆ. ಥಂಡಿಗೆ ಈ ಮಿಷನ್ನು ಹಾಳಾಗಬಾರದಲ್ಲ.

ನಿನ್ನೆ ಮಕ್ಕಳು ಹೋದ ಮೇಲೆ ಒಬ್ಬಳೇ ಕೂತು ಬೋರ್ಡಿನ ಮೇಲೆ ನಕ್ಷೆ ತೆರೆದೆ. ಮೇಷ್ಟ್ರ ಊರಿನ ಹೆಸರು ಕೊಟ್ಟೆ. ಅವರು ಹೇಳಿದ್ದು ನಿಜ, ಅಲ್ಲಿ ಯಾವುದಕ್ಕೂ ಮರೆಯೇ ಇಲ್ಲ. ಬೀದಿ, ಗುಡಿ, ಸಾಲು ಮನೆ, ಮಾಳಿಗೆಯ ಮೇಲೆ ಒಣಹಾಕಿದ ಬಟ್ಟೆ ಕೂಡ ಕಾಣುತ್ತಿತ್ತು. ನಮ್ಮೂರಿನ ಮಕ್ಕಳನ್ನೆಲ್ಲ ನಿಲ್ಲಿಸಿ ನಿಲ್ಲಿಸಿ ನಿನ್ನ ಮನೆ ಎಲ್ಲಿ, ತೋರಿಸು ಎಂದು ಕೇಳಿದವರು ಅವರು. ಅವರ ಮನೆ ಎಲ್ಲಿ ಎಂದು ಇಲ್ಲಿ ಯಾರೂ ಕೇಳಿರಲಿಲ್ಲ. ನಾನು ಒಂದೊಂದೇ ಮಾಳಿಗೆಯ ಮೇಲೆ ಬೆರಳಿಡುತ್ತಾ ಹೋದೆ. ಎಲ್ಲ ಮನೆಗಳೂ ಕಾಣುತ್ತಿದ್ದವು. ಅವರದು ಯಾವುದೆಂದು ಹೇಳುವ ಗುರುತು ಒಂದೂ ಇರಲಿಲ್ಲ.